ಅಳಿದದ್ದು 2 ಎಂಬಿ, ಉಳಿದದ್ದು 1 ಟಿಬಿ: ಡಿಸ್ಕ್ ಬದಲಿಸುವಾಗ ಆದ ತಪ್ಪಿನ ಪೂರ್ತಿ ಲೆಕ್ಕ

ಮನೆಯ ಕಂಪ್ಯೂಟರಿನ 1 ಟಿಬಿ ಹಾರ್ಡ್ ಡಿಸ್ಕಿನಲ್ಲಿ 195 ಕೋಟಿ 35 ಲಕ್ಷ 25 ಸಾವಿರದ 168 ಸೆಕ್ಟರ್‌ಗಳಿರುತ್ತವೆ. ಒಂದೊಂದರಲ್ಲಿ 512 ಬೈಟ್ ಹಿಡಿಯುತ್ತದೆ. ಡಿಸ್ಕಿನ ಯಾವ ಭಾಗ, ಅಂದರೆ ಪಾರ್ಟಿಷನ್, ಎಲ್ಲಿ ಶುರು, ಎಲ್ಲಿ ಕೊನೆ ಎಂದು ಬರೆದಿಡಲು ಇಂದಿನ ಜಿಪಿಟಿ ಪದ್ಧತಿಗೆ ಬೇಕಾಗುವುದು ಅಷ್ಟರಲ್ಲಿ ಬರೀ 67 ಸೆಕ್ಟರ್: ಡಿಸ್ಕಿನ ತಲೆಯಲ್ಲಿ 34, ಬಾಲದಲ್ಲಿ 33. ಹಳೆಯ ಎಂಬಿಆರ್ ಪದ್ಧತಿಯಲ್ಲಾದರೆ ಆ ಪಟ್ಟಿಯ ಗಾತ್ರ ಇನ್ನೂ ಚಿಕ್ಕದು, 64 ಬೈಟ್. ಯೂನಿಕೋಡ್ ಕನ್ನಡದಲ್ಲಿ ಒಂದು ಅಕ್ಷರಚಿಹ್ನೆಗೆ 3 ಬೈಟ್ ಬೇಕು. ಅಂದರೆ 21 ಚಿಹ್ನೆ ಬರೆಯುವಷ್ಟರಲ್ಲಿ ಆ ಜಾಗ ಮುಗಿಯುತ್ತದೆ.

ಹಳೆಯ ಡಿಸ್ಕ್ ತೆಗೆದು ಹೊಸ ಎಸ್‌ಎಸ್‌ಡಿ ಹಾಕುವ ಗಡಿಬಿಡಿಯಲ್ಲಿ ತಪ್ಪು ಡಿಸ್ಕನ್ನು ಆರಿಸಿ ‘ಡಿಲೀಟ್’ ಒತ್ತಿದಾಗ ಮೊದಲು ಹೋಗುವುದು ಈ ಪಟ್ಟಿ. ಮನೆಯವರಿಗೆ ಕಾಣುವುದು ಮಾತ್ರ ಖಾಲಿ ಡಿಸ್ಕ್: ಹತ್ತು ವರ್ಷದ ಫೋಟೋ, ಮಕ್ಕಳ ಅಂಕಪಟ್ಟಿ, ಅಂಗಡಿಯ ಲೆಕ್ಕ ಎಲ್ಲವೂ ಮಾಯ. ಕಂಡದ್ದಕ್ಕೂ ನಿಜವಾಗಿ ಅಳಿದದ್ದಕ್ಕೂ ನಡುವಿನ ಅಂತರ ಎಷ್ಟೆಂದು ಅಂಕಿಗಳಲ್ಲಿ ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ದೊಡ್ಡ ನಷ್ಟ ಆಗುವುದು ತಪ್ಪಿನಿಂದಲ್ಲ, ತಪ್ಪಾದ ಮೇಲಿನ ಒಂದೆರಡು ಗಂಟೆಗಳಲ್ಲಿ ಗಾಬರಿಯಿಂದ ಮಾಡುವ ಕೆಲಸಗಳಿಂದ.

ಲೆಕ್ಕಕ್ಕೆ ಹಿಡಿದ ಕಂಪ್ಯೂಟರ್

ಈ ವರದಿಯ ಲೆಕ್ಕವೆಲ್ಲ ಒಂದು ಮಾದರಿ ಡೆಸ್ಕ್‌ಟಾಪ್ ಮೇಲೆ ನಿಂತಿದೆ. ಅದರಲ್ಲಿ 1 ಟಿಬಿಯ ಹಳೆಯ ಹಾರ್ಡ್ ಡಿಸ್ಕ್, ಅದರೊಳಗೆ 400 ಜಿಬಿ ಮಾಹಿತಿ. ಹೊಸದಾಗಿ ತಂದದ್ದು 500 ಜಿಬಿಯ ಸಾಟಾ ಎಸ್‌ಎಸ್‌ಡಿ. ನಮ್ಮ ಮನೆಗಳಲ್ಲಿ ಬಹಳ ಕಡೆ ಕಾಣುವ ಜೋಡಿ ಇದೇ.

ಬದಲಾವಣೆಗೆ ಕಾರಣವೂ ಗಟ್ಟಿಯಾದದ್ದು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತು ಮುಗಿಸಲು 8.33 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗಕ್ಕೆ ಹೆಡ್ ಸರಿಯುವ ಹೊತ್ತನ್ನೂ ಸೇರಿಸಿದರೆ, ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಅದು ಸೆಕೆಂಡಿಗೆ ನೂರು ಸಲದ ಒಳಗೇ ಓದಬಲ್ಲದು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. ಸಾಲಾಗಿ ಓದುವಾಗಲೂ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 150 ಎಂಬಿ, ಸಾಟಾ ಎಸ್‌ಎಸ್‌ಡಿ 500 ಎಂಬಿಯ ಆಸುಪಾಸು. ಹಳೆಯ ಕಂಪ್ಯೂಟರಿಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಚುರುಕು ತಂದುಕೊಡುವ ಬದಲಾವಣೆ ಬೇರೆ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ, ಇರುವ ಯಂತ್ರವನ್ನು ಬಿಚ್ಚಿ ಹೊಸ ಡಿಸ್ಕ್, ಹೊಸ ವಿಂಡೋಸ್ ಹಾಕಲು ಹೊರಟವರೂ ಹೆಚ್ಚಿದರು.

ತಪ್ಪು ಹುಟ್ಟುವ ಪರದೆ

1 ಟಿಬಿ ಎಂದರೆ ತಯಾರಕರ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ಬೈಟ್. ವಿಂಡೋಸ್ 1,024ರ ಮಡಿಯಲ್ಲಿ ಎಣಿಸುತ್ತದೆ. ಹಾಗಾಗಿ ಅದೇ ಡಿಸ್ಕ್ ಪರದೆಯ ಮೇಲೆ 931 ಜಿಬಿ ಎಂದು ಕಾಣುತ್ತದೆ. 500 ಜಿಬಿಯ ಎಸ್‌ಎಸ್‌ಡಿ 465 ಜಿಬಿ ಆಗುತ್ತದೆ, 512ರದು 476, 240ರದು 223. ಪೆಟ್ಟಿಗೆಯ ಮೇಲೆ ಬರೆದ ಅಂಕಿ ಪರದೆಯಲ್ಲಿ ಎಲ್ಲೂ ಕಾಣದಿರುವುದೇ ಗೊಂದಲದ ಮೊದಲ ಮೂಲ.

ಎರಡನೆಯದು ‘ಡ್ರೈವ್ 0’, ‘ಡ್ರೈವ್ 1’ ಎಂಬ ಕ್ರಮಾಂಕ. ಹಳೆಯ ಡಿಸ್ಕೇ ಸೊನ್ನೆ, ಹೊಸದು ಒಂದು ಎಂದು ಹಲವರು ಅಂದುಕೊಂಡಿರುತ್ತಾರೆ. ಆ ಕ್ರಮಾಂಕಕ್ಕೂ ಡಿಸ್ಕಿನ ವಯಸ್ಸಿಗೂ ಸಂಬಂಧವಿಲ್ಲ. ಯಾವ ಕೇಬಲ್ ಮದರ್‌ಬೋರ್ಡಿನ ಯಾವ ಪೋರ್ಟಿನಲ್ಲಿದೆ, ಯಂತ್ರ ಯಾವುದನ್ನು ಮೊದಲು ಗುರುತಿಸಿತು ಎಂಬುದರ ಮೇಲೆ ಅದು ಬದಲಾಗುತ್ತದೆ. ಹಳೆಯದೂ ಹೊಸದೂ 500 ಜಿಬಿಯವೇ ಆಗಿದ್ದರಂತೂ ಎರಡೂ ಸಾಲಿನಲ್ಲಿ 465. ಆಗ ಗುರುತು ಹಿಡಿಯಲು ಉಳಿಯುವುದು ಮಾದರಿ ಸಂಖ್ಯೆಯೊಂದೇ, ಅದನ್ನು ವಿಂಡೋಸ್ ಸೆಟಪ್ಪಿನ ಪರದೆ ಸಾಮಾನ್ಯವಾಗಿ ತೋರಿಸುವುದಿಲ್ಲ.

ಒಂದು ಡಿಸ್ಕನ್ನು ಇದ್ದಂತೆಯೇ ಇನ್ನೊಂದಕ್ಕೆ ನಕಲಿಸುವ, ಅಂದರೆ ಕ್ಲೋನ್ ಮಾಡುವ ತಂತ್ರಾಂಶಗಳಲ್ಲಿ ಇದೇ ತಪ್ಪು ಇನ್ನೊಂದು ರೂಪದಲ್ಲಿ ಬರುತ್ತದೆ. ‘ಸೋರ್ಸ್’ ಇದ್ದಲ್ಲಿ ಹೊಸದನ್ನೂ ‘ಟಾರ್ಗೆಟ್’ ಇದ್ದಲ್ಲಿ ಹಳೆಯದನ್ನೂ ಕೊಟ್ಟರೆ ಖಾಲಿ ಡಿಸ್ಕಿನ ನಕಲು ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ.

ಎಷ್ಟು ಅಳಿಯಿತು: ನಾಲ್ಕು ದರ್ಜೆ

ತಪ್ಪುಗಳೆಲ್ಲ ಒಂದೇ ತೂಕದವಲ್ಲ. 1 ಟಿಬಿ ಡಿಸ್ಕಿನ ಮಟ್ಟಿಗೆ ಅವುಗಳ ಅಳತೆ ಹೀಗಿದೆ.

ಒಂದನೆಯ ದರ್ಜೆ: ಹಳೆಯ ಡಿಸ್ಕ್ ಹಾಗೇ ಇದೆ, ಹೊಸದು ಬೂಟ್ ಆಗುತ್ತಿಲ್ಲ. ನಷ್ಟ 0 ಬೈಟ್. ಕ್ಲೋನ್ ಮಾಡುವಾಗ ಸಿ ಡ್ರೈವನ್ನು ಮಾತ್ರ ನಕಲಿಸಿ, ಬೂಟ್ ಫೈಲುಗಳಿರುವ 100 ಎಂಬಿಯ ಪುಟ್ಟ ಇಎಫ್‌ಐ ಪಾರ್ಟಿಷನ್ನನ್ನು ಬಿಟ್ಟಿರುವುದು ಇದರ ಸಾಮಾನ್ಯ ಕಾರಣ. ಎಂಬಿಆರ್ ಡಿಸ್ಕನ್ನು ಯುಇಎಫ್‌ಐ ಕ್ರಮದಲ್ಲಿ ಬೂಟ್ ಮಾಡಲು ಹೋದರೂ ಇದೇ ಗತಿ. ವಿಂಡೋಸ್ ಹಾಕುವ ಪೆನ್ ಡ್ರೈವಿನಿಂದ ಬೂಟ್ ಮಾಡಿ ‘ಬಿಸಿಡಿಬೂಟ್’ ಆದೇಶದಿಂದ ಬೂಟ್ ಫೈಲುಗಳನ್ನು ಮತ್ತೆ ಬರೆಸಿದರೆ ಅಥವಾ ಹಳೆಯದರಿಂದ ಎಲ್ಲ ಪಾರ್ಟಿಷನ್‌ಗಳನ್ನೂ ಸೇರಿಸಿ ಇನ್ನೊಮ್ಮೆ ಕ್ಲೋನ್ ಮಾಡಿದರೆ ಸರಿಹೋಗುತ್ತದೆ. ಬಯೋಸ್‌ನಲ್ಲಿ ಸಾಟಾ ಕ್ರಮವನ್ನು ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಿದ್ದರಿಂದ ನೀಲಿ ಪರದೆ ಬಂದಿದ್ದರೆ ಮೊದಲಿದ್ದಲ್ಲಿಗೇ ತಿರುಗಿಸಿದರೆ ಸಾಕು.

ಎರಡನೆಯ ದರ್ಜೆ: ಪಾರ್ಟಿಷನ್ ಪಟ್ಟಿ ಅಳಿದಿದೆ. ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಸಾಧನ ಡಿಸ್ಕ್‌ಪಾರ್ಟ್‌ನ ‘ಕ್ಲೀನ್’ ಆದೇಶ ತೊಡೆಯುವುದು ಡಿಸ್ಕಿನ ಆರಂಭದ ಮತ್ತು ಕೊನೆಯ ಸುಮಾರು 1 ಎಂಬಿಯಷ್ಟನ್ನು. ಒಟ್ಟು 2 ಎಂಬಿ, ಅಂದರೆ ಡಿಸ್ಕಿನ ಶೇ 0.0002. ವಿಸ್ಟಾ ಕಾಲದಿಂದ ಈಚೆಗೆ ವಿಂಡೋಸ್ ಮೊದಲ ಪಾರ್ಟಿಷನ್ನನ್ನು ಆರಂಭಿಸುವುದೇ 1 ಎಂಬಿ ದಾಟಿದ ಮೇಲೆ. ಹಾಗಾಗಿ ಫೈಲುಗಳಿರುವ ಜಾಗಕ್ಕೆ ಈ ತಪ್ಪು ಕೈಯನ್ನೇ ಹಚ್ಚಿರುವುದಿಲ್ಲ.

ಮೂರನೆಯ ದರ್ಜೆ: ಹಳೆಯ ಡಿಸ್ಕಿನ ಮೇಲೆ ವಿಂಡೋಸ್ ಹಾಕಿ ಆಗಿದೆ. ಹೊಸ ವಿಂಡೋಸ್ ಬರೆಯುವುದು 20ರಿಂದ 30 ಜಿಬಿ. ನಡುವಿನ 25 ಹಿಡಿದರೆ ಡಿಸ್ಕಿನ ಶೇ 2.5. ನೂರಕ್ಕೆ ಎರಡೂವರೆ ಎಂಬುದು ಕೇಳಲು ಚಿಕ್ಕದು, ಆದರೆ ಎರಡನೆಯ ದರ್ಜೆಯ 2 ಎಂಬಿಗೆ ಹೋಲಿಸಿದರೆ 12,500 ಪಟ್ಟು.

ನಾಲ್ಕನೆಯ ದರ್ಜೆ: ಪೂರ್ತಿ ತೊಳೆದದ್ದು. ‘ಕ್ಲೀನ್ ಆಲ್’ ಆದೇಶ, ‘ಕ್ವಿಕ್’ ಗುರುತು ತೆಗೆದು ಮಾಡಿದ ಪೂರ್ಣ ಫಾರ್ಮ್ಯಾಟ್, ಸೆಕ್ಟರ್‌ಗೆ ಸೆಕ್ಟರ್ ನಡೆದ ತಲೆಕೆಳಗಾದ ಕ್ಲೋನ್ ಈ ಗುಂಪಿನವು. ಸೊನ್ನೆ ಬರೆದ ಜಾಗದಿಂದ ಏನೂ ಬರುವುದಿಲ್ಲ. ಇಲ್ಲೂ ಒಂದು ಸಮಾಧಾನವಿದೆ: 1 ಟಿಬಿಯನ್ನು ಸೆಕೆಂಡಿಗೆ 120 ಎಂಬಿಯಂತೆ ತೊಳೆಯಲು 2 ಗಂಟೆ 19 ನಿಮಿಷ ಬೇಕು. ಹತ್ತನೇ ನಿಮಿಷಕ್ಕೆ ಪವರ್ ತೆಗೆದರೆ ಹೋಗಿರುವುದು 72 ಜಿಬಿ, ಉಳಿದ 928 ಜಿಬಿ ಹಾಗೇ ಇದೆ.

ಅರ್ಧ ನಿಮಿಷದ ಬೆಲೆ

ಅಳಿದ ಜಾಗ ಎಷ್ಟು ಎಂಬುದರ ಜತೆಗೆ ಅದು ಎಲ್ಲಿದೆ ಎಂಬುದೂ ಮುಖ್ಯ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಒಂದೊಂದು ಫೈಲಿಗೂ 1,024 ಬೈಟ್‌ನ ಒಂದು ದಾಖಲೆ ಇರುತ್ತದೆ: ಹೆಸರು, ತಾರೀಖು, ಯಾವ ಫೋಲ್ಡರ್, ಡಿಸ್ಕಿನಲ್ಲಿ ಎಲ್ಲಿದೆ. ಈ ದಾಖಲೆಗಳ ಗಂಟಿಗೆ ಎಂಎಫ್‌ಟಿ ಎಂದು ಹೆಸರು. ಒಂದು ಲಕ್ಷ ಫೈಲಿದ್ದರೆ ಅದು ಸುಮಾರು 100 ಎಂಬಿ ಆಗುತ್ತದೆ.

ದೊಡ್ಡ ಪಾರ್ಟಿಷನ್ನನ್ನು ವಿಂಡೋಸ್ ಫಾರ್ಮ್ಯಾಟ್ ಮಾಡಿದಾಗ ಎಂಎಫ್‌ಟಿ ಸಾಮಾನ್ಯವಾಗಿ ಕೂರುವುದು 7,86,432ನೇ ಕ್ಲಸ್ಟರಿನಲ್ಲಿ (ಕ್ಲಸ್ಟರ್ ಎಂದರೆ ಫೈಲುಗಳಿಗೆ ಜಾಗ ಹಂಚುವ ಘಟಕ). ಕ್ಲಸ್ಟರಿಗೆ 4,096 ಬೈಟ್‌ನಂತೆ ಅದು ಪಾರ್ಟಿಷನ್ನಿನ ಆರಂಭದಿಂದ 322 ಕೋಟಿ ಬೈಟ್ ದೂರ, ಅಂದರೆ 3.2 ಜಿಬಿ. ಮೊದಲಿಂದ ಬರೆಯುತ್ತಾ ಬರುವ ತಲೆಕೆಳಗಾದ ಕ್ಲೋನ್ ಸೆಕೆಂಡಿಗೆ 120 ಎಂಬಿಯ ವೇಗದಲ್ಲಿ ಅಲ್ಲಿಗೆ ತಲುಪುವುದು 27 ಸೆಕೆಂಡಿಗೆ. ಅದಕ್ಕೂ ಮೊದಲು ನಿಲ್ಲಿಸಿದವರಿಗೆ ಸಿ ಡ್ರೈವಿನ ಫೈಲುಗಳು ಹೆಸರು, ಫೋಲ್ಡರ್ ಸಮೇತ ಸಿಗುವ ಅವಕಾಶ ಹೆಚ್ಚು. ದಾಟಿದರೆ ಫೋಟೋಗಳು ಸಿಕ್ಕರೂ ಹೆಸರಿಲ್ಲದ ರಾಶಿಯಾಗಿ ಸಿಗುತ್ತವೆ.

ಮೂರನೆಯ ದರ್ಜೆಯ ತಪ್ಪು ಏಕೆ ಭಾರವಾದದ್ದು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಹೊಸ ವಿಂಡೋಸ್ ಒಂದು ಲಕ್ಷಕ್ಕೂ ಹೆಚ್ಚು ಫೈಲು ಹಾಕುತ್ತದೆ. ಪಾರ್ಟಿಷನ್ ಮೊದಲಿದ್ದ ಜಾಗದಲ್ಲೇ ಶುರುವಾದರೆ ಅವುಗಳ ದಾಖಲೆಗಳೆಲ್ಲ ಹಳೆಯ ಎಂಎಫ್‌ಟಿ ಇದ್ದ ತಾಣದ ಮೇಲೆಯೇ ಬೀಳುತ್ತವೆ. ಶೇ 2.5ರಷ್ಟು ಬರೆದರೂ ಫೈಲುಗಳ ವಿಳಾಸಪಟ್ಟಿಯ ಬಹುಪಾಲು ಅದರಲ್ಲೇ ಹೋಗಿಬಿಡಬಹುದು.

ನಮ್ಮಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿಯವರು ಡಿಸ್ಕನ್ನು ಸಿ, ಡಿ, ಇ ಎಂದು ಹಂಚಿಕೊಡುವ ರೂಢಿ ಇದೆ. ಅದು ಇಂಥ ಹೊತ್ತಿನಲ್ಲಿ ಕಾಪಾಡುತ್ತದೆ. ಸಿ ಡ್ರೈವ್ 150 ಜಿಬಿ ಇದ್ದರೆ ಡಿ ಶುರುವಾಗುವುದು ಅದರಾಚೆಗೆ. 25 ಜಿಬಿಯ ಹೊಸ ವಿಂಡೋಸ್ ಅಲ್ಲಿಯವರೆಗೆ ಹೋಗಿರುವ ಸಂಭವ ಕಡಿಮೆ. ಡಿ ಡ್ರೈವಿಗೆ ತನ್ನದೇ ಎಂಎಫ್‌ಟಿ ಇರುವುದರಿಂದ ಪಟ್ಟಿಯಿಂದ ಹೆಸರು ಅಳಿದಿದ್ದರೂ ಇಡಿಯ ಡ್ರೈವ್ ಸಿಗುವುದುಂಟು.

ಎಸ್‌ಎಸ್‌ಡಿಗೆ ಈ ಲೆಕ್ಕ ಅನ್ವಯಿಸದು

ಮೇಲಿನ ಭರವಸೆಗಳೆಲ್ಲ ತಿರುಗುವ ಹಾರ್ಡ್ ಡಿಸ್ಕಿಗೆ ಸೇರಿದವು. ಅಳಿದದ್ದು ಎಸ್‌ಎಸ್‌ಡಿಯಾದರೆ ಚಿತ್ರ ಬೇರೆ. ವಿಂಡೋಸ್ 7 ಬಂದ 2009ರಿಂದ ವಿಂಡೋಸ್‌ನಲ್ಲಿ ‘ಟ್ರಿಮ್’ ಎಂಬ ಏರ್ಪಾಡಿದೆ. ಫೈಲು ಅಳಿಸಿದ ಕೂಡಲೇ ಅಥವಾ ಕ್ವಿಕ್ ಫಾರ್ಮ್ಯಾಟ್ ಆದ ಕೂಡಲೇ ಆ ಜಾಗ ಇನ್ನು ಬೇಡ ಎಂದು ಡಿಸ್ಕಿಗೆ ತಿಳಿಸುತ್ತದೆ, ಡಿಸ್ಕ್ ಅದನ್ನು ತಾನೇ ಖಾಲಿ ಮಾಡಿಕೊಳ್ಳುತ್ತದೆ. ಆಮೇಲೆ ಓದಿದರೆ ಸಿಗುವುದು ಸೊನ್ನೆಗಳೇ. ಒಂದು ಎಸ್‌ಎಸ್‌ಡಿಯಿಂದ ಇನ್ನೊಂದು ದೊಡ್ಡ ಎಸ್‌ಎಸ್‌ಡಿಗೆ ಹೋಗುವವರು ಈ ಮಾತನ್ನು ಗಟ್ಟಿಯಾಗಿ ನೆನಪಿಡಬೇಕು: ಅಲ್ಲಿ ಬ್ಯಾಕಪ್ ಇಲ್ಲದ ತಪ್ಪಿಗೆ ಎರಡನೆಯ ಅವಕಾಶ ಇಲ್ಲವೆನ್ನುವಷ್ಟು ಕಡಿಮೆ.

ಬಿಟ್‌ಲಾಕರ್ ಇನ್ನೊಂದು ಮುಚ್ಚಿದ ಬಾಗಿಲು: ಡಿಸ್ಕಿನಲ್ಲಿರುವುದನ್ನು ಕೀ ಇಲ್ಲದೆ ಓದಲಾಗದಂತೆ ಬೀಗ ಹಾಕಿಡುವ ವಿಂಡೋಸ್ ಏರ್ಪಾಡು. ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದಾಗ, ಬಯೋಸ್ ಬದಲಿಸಿದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. 6 ಅಂಕಿಗಳ 8 ಗುಂಪು. ಪ್ರತಿ ಗುಂಪೂ 11ರಿಂದ ಭಾಗವಾಗಲೇಬೇಕು ಎಂಬ ನಿಯಮವಿರುವುದರಿಂದ ಬರೆದುಕೊಂಡದ್ದರಲ್ಲಿ ಅಂಕಿ ತಪ್ಪಿದ್ದರೆ ಯಾವ ಗುಂಪಿನಲ್ಲಿ ಎಂದು ಪತ್ತೆಯಾಗುತ್ತದೆ. ಆದರೆ ಕೀ ಕಳೆದಿದ್ದರೆ ಪ್ರಯತ್ನಿಸಬೇಕಾದ ಸಾಧ್ಯತೆಗಳು 39 ಅಂಕಿಯ ಸಂಖ್ಯೆಯಷ್ಟು. 2024ರ ವಿಂಡೋಸ್ 11 ಆವೃತ್ತಿಯಿಂದ, ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಹಾಕಿದ ಕಂಪ್ಯೂಟರುಗಳಲ್ಲಿ ಈ ಬೀಗ ತಾನಾಗಿಯೇ ಬೀಳುವುದುಂಟು. ಮನೆಯವರಿಗೆ ತಿಳಿದೇ ಇರುವುದಿಲ್ಲ. ಕೀ ಆ ಖಾತೆಯಲ್ಲಿ ಜಮೆಯಾಗಿರುತ್ತದೆ. ಸ್ಕ್ರೂ ಬಿಚ್ಚುವ ಮೊದಲೇ ಅದನ್ನು ಕಾಗದದಲ್ಲಿ ಬರೆದುಕೊಳ್ಳಿ.

ಹಿಂದೆ ಪಡೆಯುವ ಕೆಲಸ: ಗಂಟೆಗಳ ಲೆಕ್ಕ

ತಪ್ಪು ಗೊತ್ತಾದ ಕ್ಷಣ ಮಾಡಬೇಕಾದದ್ದು ಯಂತ್ರ ನಿಲ್ಲಿಸಿ, ಹಳೆಯ ಡಿಸ್ಕಿನ ಎರಡೂ ಕೇಬಲ್ ಕಳಚುವುದು. ಅಗಲದ 15 ಪಿನ್ನಿನದು ಪವರ್, ಚಿಕ್ಕ 7 ಪಿನ್ನಿನದು ಡೇಟಾ. ‘ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ವಿಂಡೋಸ್ ಕೇಳಿದರೆ ‘ಕ್ಯಾನ್ಸಲ್’ ಒತ್ತಬೇಕು. ಚೆಕ್‌ಡಿಸ್ಕ್ ಓಡಿಸಬಾರದು, ಅದು ಕಳೆದದ್ದನ್ನು ಹುಡುಕುವ ಸಾಧನವಲ್ಲ, ದಾಖಲೆಗಳನ್ನು ತನಗೆ ತೋಚಿದಂತೆ ತಿದ್ದಿ ಬರೆಯುವ ಸಾಧನ.

ಮನೆಯವರಿಗೆ ಅಂದೇ ಕಂಪ್ಯೂಟರ್ ಬೇಕಾದರೆ ಹೊಸ ಎಸ್‌ಎಸ್‌ಡಿಯೊಂದನ್ನೇ ಜೋಡಿಸಿ ವಿಂಡೋಸ್ ಹಾಕಬಹುದು. 8 ಜಿಬಿಯ ಪೆನ್ ಡ್ರೈವ್ ಸಾಕು. 6 ಜಿಬಿ ಇಳಿಸಲು 40 ಎಂಬಿಪಿಎಸ್ ಸಂಪರ್ಕದಲ್ಲಿ 20 ನಿಮಿಷ. ಹೊಸ ಲೈಸೆನ್ಸ್ ಕೊಳ್ಳಬೇಕಿಲ್ಲ. ಡಿಜಿಟಲ್ ಲೈಸೆನ್ಸ್ ನಿಂತಿರುವುದು ಮುಖ್ಯವಾಗಿ ಮದರ್‌ಬೋರ್ಡಿನ ಮೇಲೆ, ಡಿಸ್ಕಿನ ಮೇಲಲ್ಲ. ಹೀಗೆ ಮಾಡಿದರೆ ಅವಸರ ತಗ್ಗುತ್ತದೆ, ಹಳೆಯ ಡಿಸ್ಕ್ ಮೇಜಿನ ಮೇಲೆ ಸುರಕ್ಷಿತವಾಗಿರುತ್ತದೆ.

ಮುಂದಿನದು ಇಮೇಜ್: ಹಳೆಯ ಡಿಸ್ಕಿನ ಪ್ರತಿ ಸೆಕ್ಟರನ್ನೂ ಓದಿ ಒಂದೇ ದೊಡ್ಡ ಫೈಲಾಗಿ ಬೇರೆ ಡಿಸ್ಕಿಗೆ ಇಳಿಸುವುದು. ಮುಂದಿನ ಹುಡುಕಾಟವೆಲ್ಲ ಆ ನಕಲಿನ ಮೇಲೆ ನಡೆಯಬೇಕು, ಮೂಲದ ಮೇಲಲ್ಲ. ಇದಕ್ಕೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವಿದೆ. ಕೆಟ್ಟ ಸೆಕ್ಟರ್ ಸಿಕ್ಕಲ್ಲಿ ಅದು ನಿಲ್ಲದೆ ಮುಂದೆ ಹೋಗುತ್ತದೆ, ಬಿಟ್ಟುದನ್ನು ಗುರುತು ಹಾಕಿಕೊಂಡು ಕೊನೆಗೆ ಮತ್ತೆ ಪ್ರಯತ್ನಿಸುತ್ತದೆ. ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸ್ ಪೆನ್ ಡ್ರೈವಿನಿಂದ ಬೂಟ್ ಮಾಡಿದರೆ ಅದರಲ್ಲಿ ಇದೂ, ಮುಂದೆ ಹೇಳುವ ಟೆಸ್ಟ್‌ಡಿಸ್ಕೂ ಸಿದ್ಧವಾಗಿರುತ್ತವೆ.

1 ಟಿಬಿ ಇಮೇಜ್ ತೆಗೆಯಲು ಬೇಕಾದ ಹೊತ್ತು, ಡಿಸ್ಕ್ ಆರೋಗ್ಯವಾಗಿದ್ದರೆ:

- ಯುಎಸ್‌ಬಿ 3.0 ಅಥವಾ ನೇರ ಸಾಟಾ, ಸೆಕೆಂಡಿಗೆ 120 ಎಂಬಿ: 2 ಗಂಟೆ 19 ನಿಮಿಷ
- ಯುಎಸ್‌ಬಿ 2.0 ಪೋರ್ಟ್, ಸೆಕೆಂಡಿಗೆ 35 ಎಂಬಿ: 7 ಗಂಟೆ 56 ನಿಮಿಷ

ಸಾಮಾನ್ಯವಾಗಿ ನೀಲಿ ಬಣ್ಣದ 3.0 ಪೋರ್ಟಿಗೆ ಹಾಕಬೇಕೋ ಕಪ್ಪಿನ 2.0ಕ್ಕೋ ಎಂಬ ಒಂದೇ ಆಯ್ಕೆಗೆ ಐದೂವರೆ ಗಂಟೆಯ ವ್ಯತ್ಯಾಸ. ಇಲ್ಲಿ ಇನ್ನೆರಡು ಅಳತೆಗಳು ಎಡವಿಸುತ್ತವೆ. 1 ಟಿಬಿಯ ಇಮೇಜ್ ಇನ್ನೊಂದು 1 ಟಿಬಿ ಡಿಸ್ಕಿನಲ್ಲಿ ಫೈಲಾಗಿ ಹಿಡಿಯುವುದಿಲ್ಲ, ಏಕೆಂದರೆ ಆ ಡಿಸ್ಕಿನ ಸ್ವಂತ ಲೆಕ್ಕಪತ್ರಕ್ಕೂ ಜಾಗ ಬೇಕು; 2 ಟಿಬಿಯದೇ ತರಬೇಕು. ಆ ಡಿಸ್ಕ್ ಫ್ಯಾಟ್32 ಪದ್ಧತಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದು ಒಪ್ಪುವುದಿಲ್ಲ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರಬೇಕು.

ಇಮೇಜ್ ಕೈಗೆ ಬಂದ ಮೇಲೆ ಕ್ರಿಸ್ಟೋಫ್ ಗ್ರೆನಿಯೆ ಬರೆದ ಟೆಸ್ಟ್‌ಡಿಸ್ಕ್. ಇದು ಪಟ್ಟಿ ಅಳಿದ ಡಿಸ್ಕಿನಲ್ಲಿ ಹಳೆಯ ಪಾರ್ಟಿಷನ್‌ಗಳ ಕುರುಹು ಹುಡುಕುತ್ತದೆ. ಎನ್‌ಟಿಎಫ್‌ಎಸ್ ತನ್ನ ಮೊದಲ ಸೆಕ್ಟರಿನ ಒಂದು ಪ್ರತಿಯನ್ನು ಪಾರ್ಟಿಷನ್ನಿನ ಕೊನೆಯಲ್ಲೂ ಇಟ್ಟಿರುತ್ತದೆ. ತಲೆ ಹೋದರೂ ಬಾಲದಿಂದ ಗುರುತು ಸಿಗುತ್ತದೆ. ಎರಡನೆಯ ದರ್ಜೆಯ ತಪ್ಪಿನಲ್ಲಿ ಬಹುಮಟ್ಟಿಗೆ ಇಲ್ಲೇ ಕೆಲಸ ಮುಗಿದು, ಫೋಲ್ಡರುಗಳು ಹೆಸರು ಸಮೇತ ತೆರೆದುಕೊಳ್ಳುತ್ತವೆ.

ಅದು ಫಲಿಸದಿದ್ದರೆ ಫೋಟೋರೆಕ್. ಅದು ಫೈಲಿನ ಹೆಸರು, ವಿಳಾಸ ಯಾವುದನ್ನೂ ಕೇಳುವುದಿಲ್ಲ, ಫೈಲಿನ ಒಡಲ ಗುರುತನ್ನೇ ನೋಡುತ್ತದೆ. ಜೆಪೆಗ್ ಫೋಟೋ ಎಫ್‌ಎಫ್ ಡಿ8 ಎಫ್‌ಎಫ್ ಎಂಬ 3 ಬೈಟ್‌ಗಳಿಂದ ಶುರುವಾಗುತ್ತದೆ, ಪಿಡಿಎಫ್‌ಗೂ ವರ್ಡ್ ಫೈಲಿಗೂ ಅವುಗಳದೇ ಆರಂಭದ ಗುರುತು ಇದೆ. ಹೀಗೆ 480ಕ್ಕೂ ಹೆಚ್ಚು ಬಗೆಯ ಫೈಲುಗಳನ್ನು ಅದು ಬಲ್ಲದು. ಆದರೆ ಸಿಕ್ಕದ್ದಕ್ಕೆಲ್ಲ ಕ್ರಮಸಂಖ್ಯೆಯ ಹೆಸರು ಬೀಳುತ್ತದೆ. 100 ಜಿಬಿ ಫೋಟೋ ಎಂದರೆ ಒಂದಕ್ಕೆ 4 ಎಂಬಿಯಂತೆ 25,000 ಫೋಟೋ. ಒಂದೊಂದನ್ನು ತೆರೆದು ನೋಡಲು 5 ಸೆಕೆಂಡ್ ಹಿಡಿದರೂ ವಿಂಗಡಿಸಲು ಸುಮಾರು 35 ಗಂಟೆ. ಯಂತ್ರದ ಗಂಟೆಗಿಂತ ಮನುಷ್ಯರ ಗಂಟೆ ಹೆಚ್ಚಾಗುವುದು ಇಲ್ಲಿ.

ನುಡಿ, ಬರಹ, ಟ್ಯಾಲಿ

ಕರ್ನಾಟಕದ ಮನೆ, ಅಂಗಡಿಗಳಲ್ಲಿ ಎರಡು ಬಗೆಯ ಫೈಲುಗಳಿಗೆ ವಿಶೇಷ ಎಚ್ಚರ ಬೇಕು.

ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪತ್ರ, ಕಥೆ, ಅರ್ಜಿಗಳು ವಾಪಸು ಸಿಕ್ಕಾಗ ಹೊಸ ವಿಂಡೋಸಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತವೆ. ಹಾಳಾಗಿದೆ ಎಂದು ಅಳಿಸಿಬಿಡುವವರಿದ್ದಾರೆ. ಫೈಲು ಹಾಳಾಗಿಲ್ಲ, ಆ ಬರಹ ಯೂನಿಕೋಡ್ ಅಲ್ಲದ ಕಾರಣ ಹೊಸ ಡಿಸ್ಕಿನಲ್ಲಿ ಆ ಫಾಂಟ್ ಇಲ್ಲದೆ ಹಾಗೆ ಕಾಣುತ್ತಿದೆ. ನುಡಿ ಅಥವಾ ಬರಹ ಮತ್ತೆ ಹಾಕಿದರೆ ಅಕ್ಷರಗಳು ಮರಳುತ್ತವೆ. ಆಗಲೇ ಯೂನಿಕೋಡ್‌ಗೆ ಪರಿವರ್ತಿಸಿಟ್ಟರೆ ಮುಂದೆ ಈ ಭಯವಿಲ್ಲ.

ಟ್ಯಾಲಿಯ ಲೆಕ್ಕ ಒಂದೇ ಫೈಲಿನಲ್ಲಿರುವುದಿಲ್ಲ. ಕಂಪನಿಗೊಂದು ಸಂಖ್ಯೆಯ ಫೋಲ್ಡರ್, ಅದರೊಳಗೆ ಒಂದಕ್ಕೊಂದು ಹೊಂದಿಕೊಂಡ ಹಲವು ಫೈಲುಗಳು. ಹೆಸರು ಕಳೆದುಕೊಂಡು ಬಂದರೆ ಅವನ್ನು ಮತ್ತೆ ಜೋಡಿಸುವುದು ಹೆಚ್ಚುಕಡಿಮೆ ಆಗದ ಕೆಲಸ. ಅಂಗಡಿ ಲೆಕ್ಕವಿರುವ ಡಿಸ್ಕಿಗೆ ಫೋಟೋರೆಕ್ ಉಪಾಯವೇ ಅಲ್ಲ. ಅಲ್ಲಿ ಟ್ಯಾಲಿಯ ಬ್ಯಾಕಪ್ ಇರಬೇಕು, ಇಲ್ಲವೇ ಎಂಎಫ್‌ಟಿ ಉಳಿದಿರಬೇಕು.

ರೂಪಾಯಿ ಲೆಕ್ಕ

ಕೆಳಗಿನ ದರಗಳು ಲೆಕ್ಕಕ್ಕೆ ಹಿಡಿದ ದುಂಡು ಅಂಕಿಗಳು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ಅಂಗಡಿಯಿಂದ ಅಂಗಡಿಗೆ ಬೆಲೆ ಬದಲಾಗುತ್ತದೆ, 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ದರ ಏರಿದ ಮೇಲೆ ಎಸ್‌ಎಸ್‌ಡಿಯ ಬೆಲೆಯೂ ಒಂದೇ ಕಡೆ ನಿಂತಿಲ್ಲ. ನಿಮ್ಮೂರಿನ ದರ ಹಾಕಿಕೊಂಡು ಇದೇ ಕ್ರಮದಲ್ಲಿ ಕೂಡಿಸಿ ನೋಡಿ.

ಮನೆಯಲ್ಲೇ ಹಿಂದೆ ಪಡೆಯುವ ಖರ್ಚು:

- ಸಾಟಾದಿಂದ ಯುಎಸ್‌ಬಿಗೆ ಅಡಾಪ್ಟರ್, 12 ವೋಲ್ಟ್ ಪವರ್ ಸಮೇತ: ₹1,000
- 32 ಜಿಬಿ ಪೆನ್ ಡ್ರೈವ್: ₹400
- 2 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್: ₹7,000
- ತಂತ್ರಾಂಶ: ₹0
- ವಿದ್ಯುತ್, 100 ವ್ಯಾಟ್‌ನಂತೆ 12 ಗಂಟೆ, 1.2 ಯೂನಿಟ್, ಯೂನಿಟ್‌ಗೆ ₹6: ₹7.20
- ಒಟ್ಟು: ₹8,407.20

ಡೆಸ್ಕ್‌ಟಾಪಿನ 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು. ಯುಎಸ್‌ಬಿ ಪೋರ್ಟ್ ಸಾಮಾನ್ಯವಾಗಿ ಕೊಡುವುದು 5. ಪವರ್ ಅಡಾಪ್ಟರ್ ಇಲ್ಲದ ಅಗ್ಗದ ಕೇಬಲ್ ತಂದರೆ ಡಿಸ್ಕ್ ತಿರುಗುವುದೇ ಇಲ್ಲ. ಲ್ಯಾಪ್‌ಟಾಪಿನ 2.5 ಇಂಚಿನದಕ್ಕೆ ಆ ತೊಂದರೆಯಿಲ್ಲ.

ಈ ಮೊತ್ತದಲ್ಲಿ ₹7,000ದ ಡಿಸ್ಕ್ ಮುಂದೆ ಬ್ಯಾಕಪ್ಪಿಗೆ ಉಳಿಯುತ್ತದೆ. ತಪ್ಪಿಗೆ ತೆತ್ತ ಶುದ್ಧ ಖರ್ಚು ₹1,407.

ಲ್ಯಾಬಿಗೆ ಕೊಟ್ಟರೆ ದರ ಹಲವು ಸಾವಿರದಿಂದ ಶುರುವಾಗುತ್ತದೆ. ಡಿಸ್ಕ್ ಕೆಳಗೆ ಬಿದ್ದು ಹೆಡ್ ಕೆಟ್ಟಿದ್ದರೆ, ಧೂಳಿಲ್ಲದ ಕ್ಲೀನ್ ರೂಮಿನಲ್ಲಿ ಬಿಚ್ಚುವ ಕೆಲಸವಾದ್ದರಿಂದ, ಅದು ಹಲವು ಹತ್ತು ಸಾವಿರಕ್ಕೆ ಏರುವುದೂ ಉಂಟು. ಟಕ್ ಟಕ್ ಸದ್ದು ಬರುತ್ತಿದ್ದರೆ ಮನೆಯ ಪ್ರಯತ್ನ ಬೇಡವೇ ಬೇಡ. ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆಯ ಮೇಲೆ ಗೀರು ಹೆಚ್ಚುವ ಅಪಾಯವಿದೆ. ಅಂಥ ಡಿಸ್ಕನ್ನು ನೇರವಾಗಿ ಲ್ಯಾಬಿಗೆ ಒಯ್ಯಬೇಕು.

ಹತ್ತಿರದ ರಿಪೇರಿ ಅಂಗಡಿಗೆ ಕೊಡುವುದಾದರೆ ಒಂದು ಮಾತನ್ನು ಚೀಟಿಯಲ್ಲಿ ಬರೆದು ಡಿಸ್ಕಿಗೇ ಅಂಟಿಸಿ: ‘ಫಾರ್ಮ್ಯಾಟ್ ಮಾಡಬೇಡಿ, ಮೊದಲು ಇಮೇಜ್ ತೆಗೆಯಿರಿ.’ ಬೂಟ್ ಆಗದ ಕಂಪ್ಯೂಟರ್ ಬಂದರೆ ‘ಫಾರ್ಮ್ಯಾಟ್ ಹೊಡೆದು ಓಎಸ್ ಹಾಕಿಕೊಡ್ತೀವಿ’ ಎನ್ನುವುದು ಎಷ್ಟೋ ಅಂಗಡಿಗಳ ರೂಢಿ. ಕಂಪ್ಯೂಟರ್ ಮತ್ತೆ ಓಡಬೇಕು ಎಂದಷ್ಟೇ ಗಿರಾಕಿ ಹೇಳಿದ್ದರೆ ಅವರ ಕಡೆಯಿಂದ ಅದು ಸರಿಯಾದ ಕೆಲಸವೇ. ಡೇಟಾ ಬೇಕು ಎಂದು ಹೇಳುವ ಹೊಣೆ ನಮ್ಮದು. ವಾರಂಟಿಯನ್ನೂ ನಂಬಿ ಕೂರುವಂತಿಲ್ಲ. 3 ಅಥವಾ 5 ವರ್ಷದ ವಾರಂಟಿ ಡಿಸ್ಕಿಗೆ. ಅದರೊಳಗಿನ ಮದುವೆ ಫೋಟೋಗಲ್ಲ.

ತಡೆಯುವುದಕ್ಕೆ ಎಷ್ಟು

ಈಗ ಇನ್ನೊಂದು ಕಡೆಯ ತಕ್ಕಡಿ. 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕಿಗೆ ₹5,000 ಎಂದು ಹಿಡಿದರೆ ಒಂದು ಜಿಬಿಗೆ ₹5. 4 ಎಂಬಿಯ ಒಂದು ಫೋಟೋದ ನಕಲಿಗೆ ಬೀಳುವ ವೆಚ್ಚ 2 ಪೈಸೆ. ಮಾದರಿ ಕಂಪ್ಯೂಟರಿನ 400 ಜಿಬಿ ಅದಕ್ಕೆ ಇಳಿಯಲು ಸೆಕೆಂಡಿಗೆ 100 ಎಂಬಿಯಂತೆ 1 ಗಂಟೆ 7 ನಿಮಿಷ. ಸಣ್ಣ ಫೈಲುಗಳು ಹೆಚ್ಚಿದ್ದರೆ ಎರಡು ಮೂರು ಗಂಟೆ. ಅಷ್ಟು ಹೊತ್ತು ಯಾರೂ ಮುಂದೆ ಕೂತಿರಬೇಕಿಲ್ಲ.

ಗೂಗಲ್ ಉಚಿತವಾಗಿ ಕೊಡುವುದು ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ 15 ಜಿಬಿ. ನಮ್ಮ 400 ಜಿಬಿಗೆ ಅದು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಹಣ ಕೊಟ್ಟು ಜಾಗ ಪಡೆದರೂ 40 ಎಂಬಿಪಿಎಸ್ ವೇಗದಲ್ಲಿ ಮೇಲಕ್ಕೆ ಕಳುಹಿಸಲು 22 ಗಂಟೆ ಬೇಕು. ಅಂಕಪಟ್ಟಿ, ಪಹಣಿ, ಪ್ಯಾನ್‌ನಂಥ ಕಾಗದಪತ್ರಗಳ ಸ್ಕ್ಯಾನ್ ಪ್ರತಿಗಳಿಗೆ ಮಾತ್ರ ಆ 15 ಜಿಬಿ ಧಾರಾಳ. ಅವುಗಳಿಗೆ ಅದನ್ನೂ ಬಳಸಿ, ಉಳಿದದ್ದಕ್ಕೆ ಡಿಸ್ಕ್ ಇರಲಿ.

ಬದಲಾವಣೆಯ ದಿನ ಪಾಲಿಸಬೇಕಾದ ಕ್ರಮ ಇಷ್ಟು:

- ಮೊದಲು ಬ್ಯಾಕಪ್. ನಕಲಿನಲ್ಲಿ ಕೆಲವು ಫೈಲು ತೆರೆದು ನೋಡಿ, ಆಮೇಲೆ ಆ ಡಿಸ್ಕ್ ಕಳಚಿಡಿ.
- ಹೊಸದಾಗಿ ವಿಂಡೋಸ್ ಹಾಕುವುದಾದರೆ ಹಳೆಯ ಡಿಸ್ಕಿನ ಕೇಬಲ್ ತೆಗೆದಿಡಿ. ಪರದೆಯಲ್ಲಿ ಒಂದೇ ಡಿಸ್ಕಿದ್ದರೆ ತಪ್ಪು ಆರಿಸುವ ಪ್ರಶ್ನೆಯೇ ಏಳುವುದಿಲ್ಲ.
- ಕ್ಲೋನ್ ಮಾಡುವುದಾದರೆ ಎರಡೂ ಡಿಸ್ಕಿನ ಮಾದರಿ ಸಂಖ್ಯೆ ಕಾಗದದಲ್ಲಿ ಬರೆದುಕೊಳ್ಳಿ. ‘ಟಾರ್ಗೆಟ್’ ಎಂದಿರುವಲ್ಲಿ ಹೊಸದರ ಸಂಖ್ಯೆ ಇದೆಯೇ ಎಂದು ಇನ್ನೊಬ್ಬರಿಂದ ಓದಿಸಿ.
- ಕ್ಲೋನ್ ಮುಗಿದ ಮೇಲೆ ಮೊದಲ ಸಲ ಹೊಸದನ್ನೊಂದೇ ಜೋಡಿಸಿ ಬೂಟ್ ಮಾಡಿ. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ಒಟ್ಟಿಗಿದ್ದರೆ ವಿಂಡೋಸ್ ಒಂದನ್ನು ‘ಆಫ್‌ಲೈನ್’ ಮಾಡುತ್ತದೆ.
- ಹೊಸದು ಸರಿಯಾಗಿ ನಡೆಯುತ್ತಿದೆ ಎಂದು ಖಾತ್ರಿಯಾಗುವವರೆಗೆ ಹಳೆಯದನ್ನು ಫಾರ್ಮ್ಯಾಟ್ ಮಾಡಬೇಡಿ, ಮಾರಬೇಡಿ.

ಕರೆಂಟ್ ಹೋಗುವ ಭಯಕ್ಕೂ ಒಂದು ಲೆಕ್ಕವಿದೆ. 400 ಜಿಬಿ ಕ್ಲೋನ್ ಆಗಲು ಸೆಕೆಂಡಿಗೆ 120 ಎಂಬಿಯಂತೆ 56 ನಿಮಿಷ. ನಡುವೆ ಕರೆಂಟ್ ಹೋದರೂ ಹಳೆಯ ಡಿಸ್ಕನ್ನು ಓದುವುದಷ್ಟೇ ನಡೆಯುತ್ತಿರುವುದರಿಂದ ಅದಕ್ಕೆ ಸಾಮಾನ್ಯವಾಗಿ ಹಾನಿಯಿಲ್ಲ, ಮತ್ತೆ ಶುರು ಮಾಡಬಹುದು. ಆದರೆ 1 ಟಿಬಿಯದನ್ನು 500 ಜಿಬಿಗೆ ಹೊಂದಿಸಲೆಂದು ಹಳೆಯ ಡಿಸ್ಕಿನಲ್ಲೇ ಪಾರ್ಟಿಷನ್ ಕುಗ್ಗಿಸುವಾಗ ಹಾಗಲ್ಲ; ಅಲ್ಲಿ ಮೂಲದ ಮೇಲೆಯೇ ಬರೆಯುವ ಕೆಲಸ ನಡೆದಿರುತ್ತದೆ. ಬೇಸಿಗೆಯ ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು.

ಕೊನೆಯ ಸಾಲಿನ ಮೊತ್ತ

500 ಜಿಬಿ ಎಸ್‌ಎಸ್‌ಡಿಗೆ ₹4,000 ಎಂದು ಹಿಡಿದರೆ ಬ್ಯಾಕಪ್ ಡಿಸ್ಕ್ ಸೇರಿ ಬದಲಾವಣೆಯ ವೆಚ್ಚ ₹9,000. ಬ್ಯಾಕಪ್ ಬಿಟ್ಟು ₹4,000ಕ್ಕೆ ಮುಗಿಸಿದವರು ತಪ್ಪಾದ ದಿನ ಇನ್ನೂ ₹8,407 ಹಾಕಬೇಕು, ಒಟ್ಟು ₹12,407. ಅದೂ ಎರಡನೆಯ ದರ್ಜೆಯಲ್ಲೇ ತಪ್ಪು ನಿಂತಿದ್ದರೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ನಡೆದಿದ್ದರೆ, ಬಿಟ್‌ಲಾಕರ್ ಕೀ ಕಳೆದಿದ್ದರೆ, ಪೂರ್ತಿ ಸೊನ್ನೆ ಬಿದ್ದಿದ್ದರೆ ಎಷ್ಟು ಹಣ ಕೊಟ್ಟರೂ ಫೈಲು ಬರುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಎರಡೇ. ಹೊಸ ಡಿಸ್ಕ್ ಕೊಳ್ಳಲು ಹೋದ ದಿನವೇ ಬ್ಯಾಕಪ್ಪಿಗೂ ಒಂದನ್ನು ಕೊಂಡು ತನ್ನಿ, ಅದು ತುಂಬುವ ತನಕ ಕಂಪ್ಯೂಟರಿನ ಮುಚ್ಚಳ ತೆಗೆಯಬೇಡಿ. ಇದನ್ನು ಓದುವ ಹೊತ್ತಿಗೆ ತಪ್ಪು ಆಗಿಹೋಗಿದ್ದರೆ ಗಾಬರಿಯಾಗಬೇಡಿ, ಹಳೆಯ ಡಿಸ್ಕಿನ ಮೇಲೆ ಇನ್ನೊಂದು ಬೈಟ್ ಕೂಡ ಬರೆಯಬೇಡಿ. ಪವರ್ ತೆಗೆದು ಕೇಬಲ್ ಕಳಚಿ; ಉಳಿದ ಕೆಲಸವನ್ನು ನಾಳೆ, ಸಮಾಧಾನದಿಂದ ಮಾಡಬಹುದು.